ಗಲಗಲಿಗೆ ಕತ್ತಲೆ ಕೇಳಲು ಹೋದದ್ದು

ಬಾಗಲಕೋಟೆಯಲ್ಲಿ ಮುಧೋಳದ ಬಸ್ಸು ಹತ್ತಿದಾಗ ಕಂಡಕ್ಟರು ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ನನ್ನ ಪೆಟ್ಟಿಗೆಗೆ ಮಾತ್ರ ಲಗೇಜಿನ ದುಡ್ಡು ಕಿತ್ತ.

"ಏನೈತ್ರಿ ಬಾಯಾರ ಇದರಾಗ?"

"ಕ್ಯಾಮೆರಾ."

"ಇಷ್ಟ ದೊಡ್ಡದಾ? ಯಾರ ಮದುವಿರೀ?"

"ಮದುವಿದಲ್ಲೋ ಮಾರಾಯಾ, ಆಕಾಶದ ಫೋಟೋ ತಗಿಯೂದು."

"ಆಕಾಶ ಎಲ್ಲಿ ಓಡಿ ಹೊಂಟೈತ್ರಿ!" ಎಂದು ನಗುತ್ತ ಮುಂದಿನ ಸೀಟಿಗೆ ಹೋದ. ಓಡಿ ಹೋಗುತ್ತಿದೆ ಎಂಬುದೇ ನನ್ನ ಸಂಕಟವಾಗಿತ್ತು.

ನಾನು ಹುಟ್ಟಿದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ದುಡಿದದ್ದು ಹೆಚ್ಚಾಗಿ ಉತ್ತರ ನಾರ್ವೆಯಲ್ಲಿ, ಧ್ರುವಪ್ರಭೆಯನ್ನು ರೇಡಾರ್ ಮತ್ತು ಕ್ಯಾಮೆರಾಗಳಿಂದ ಅಭ್ಯಾಸ ಮಾಡುವ ತಂಡದಲ್ಲಿ. ಸೂರ್ಯನಿಂದ ಸಿಡಿದ ವಿದ್ಯುತ್ ಕಣಗಳು ಭೂಮಿಯ ಕಾಂತಶಕ್ತಿಯ ಎಳೆ ಹಿಡಿದು ಧ್ರುವಗಳತ್ತ ಇಳಿದು ಮೇಲಿನ ಗಾಳಿಗೆ ಬಡಿದಾಗ ಅಲ್ಲಿಯ ಆಕಾಶ ಹಸಿರಾಗಿ ಉರಿಯುತ್ತದೆ. ಅದರ ಬಣ್ಣ, ಆಕಾರವನ್ನು ಕ್ಯಾಮೆರಾ ನೋಡುತ್ತದೆ. ಅದೆಷ್ಟು ಎತ್ತರದಲ್ಲಿದೆ, ಎತ್ತ ಓಡುತ್ತಿದೆ ಎಂಬುದನ್ನು ರೇಡಾರ್ ತಾನು ಕಳಿಸಿದ ರೇಡಿಯೋ ಅಲೆಗಳ ಮರುದನಿ ಕೇಳಿ ಹೇಳುತ್ತದೆ. ಒಂದು ಕಣ್ಣು, ಇನ್ನೊಂದು ಕಿವಿ. ಎರಡೂ ಕೂಡಿದರೇನೇ ಕೆಲಸ.

ನಮ್ಮ ಕಡೆ ಧ್ರುವಪ್ರಭೆ ಇಲ್ಲ. ಆದರೆ ಅದನ್ನು ಎಬ್ಬಿಸುವ ಸೂರ್ಯನ ಆರ್ಭಟವೇ ನಮ್ಮ ನೆತ್ತಿಯ ಮೇಲಿನ ಗಾಳಿಯನ್ನೂ ಕದಡುತ್ತದೆ. ಅಲ್ಲಿ ರಾತ್ರಿಯೆಲ್ಲ ಒಂದು ಮಂಕು ಕೆಂಪು ಹೊಳಪಿರುತ್ತದೆ. ಬರಿಗಣ್ಣಿಗೆ ಕಾಣದು, ಒಳ್ಳೆಯ ಕತ್ತಲಲ್ಲಿಟ್ಟ ಕ್ಯಾಮೆರಾಕ್ಕೆ ಕಾಣುತ್ತದೆ. ದಕ್ಷಿಣ ಭಾರತದಲ್ಲಿರುವ ಒಂದು ರೇಡಾರಿಗೆ ಜೊತೆಯಾಗಿ ಇಂಥ ಕ್ಯಾಮೆರಾ ಇಡಬೇಕೆಂದು, ದೇಶಕ್ಕೆ ಮರಳಿ ನಾನು ಸೇರಿದ ಸಂಸ್ಥೆಯಲ್ಲಿ ಮಾತು ಬಂದಾಗ, ನಮ್ಮೂರ ಕಡೆಯೇ ಇಡೋಣ ಎಂದು ಹಟ ಹಿಡಿದವಳು ನಾನು. ಸೂರ್ಯ ಈಗ ಭರ್ತಿ ಆವೇಶದಲ್ಲಿದ್ದಾನೆ. ಇನ್ನೊಮ್ಮೆ ಹೀಗಾಗಲು ಹತ್ತು ಹನ್ನೊಂದು ವರ್ಷ ಬೇಕು, ಅಷ್ಟರಲ್ಲಿ ನಾನು ನಿವೃತ್ತಿಯಾಗಿ ಮನೆಯಲ್ಲಿ ಕೂತಿರುತ್ತೇನೆ. ಈ ಅಮಾವಾಸ್ಯೆಯೊಳಗೆ ಜಾಗ ಸಿಗದಿದ್ದರೆ ಕ್ಯಾಮೆರಾ ಬೇರೆ ರಾಜ್ಯದ ಗುಡ್ಡಕ್ಕೆ ಹೋಗುವುದೆಂದು ಮುಖ್ಯಸ್ಥರು ಹೇಳಿಯೇ ಕಳಿಸಿದ್ದರು.

ಮುಧೋಳದಲ್ಲಿ ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಸಂಜೆ ಊರ ಹೊರಗೆ ನಿಂತು ನೋಡಿದರೆ ಯಾವ ದಿಕ್ಕಿಗೆ ತಿರುಗಿದರೂ ಕಾರ್ಖಾನೆಯ ದೀಪ, ಅದರ ಮೇಲೆ ಬೆಳಗಿದ ಹೊಗೆ. ಮರುದಿನ ಜಮಖಂಡಿ ದಾಟಿ ತುಬಚಿಗೆ ಹೋದೆ. ನದಿಯ ನೀರು ಮೇಲೆತ್ತುವ ಏತ ನೀರಾವರಿಯ ಕಡೆ ದೀಪಗಳ ಸಾಲು. ಬನಹಟ್ಟಿಯನ್ನಂತೂ ಲೆಕ್ಕಕ್ಕೇ ಹಿಡಿಯಲಿಲ್ಲ, ಮಗ್ಗಗಳು ಓಡುವ ಊರು ರಾತ್ರಿ ದೀಪ ಆರಿಸೀತೆ? ಅಲ್ಲಿ ಸಾಲಿ ಮಾಸ್ತರಿಣಿಯಾಗಿರುವ ತಂಗಿಯ ಮನೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಉಂಡೆ.

"ಅಲ್ಲಬೇ ಅಕ್ಕಾ, ಅಲ್ಲಿ ಹೋಗಿ ಕತ್ತಲ್ಯಾಗ ಕುಂತಿ, ಇಲ್ಲಿ ಬಂದೂ ಕತ್ತಲಿ ಹುಡುಕಾಕತ್ತಿ. ಬೆಳಕಿಗೂ ನಿನಗೂ ಏನ್ ಜಗಳ?" ಎಂದಳು. ನಕ್ಕೆ. ಒಳಗೆ ಮಾತ್ರ ಧೈರ್ಯ ಸೋರಿಹೋಗಿತ್ತು. ಉಳಿದದ್ದು ಬೀಳಗಿ ತಾಲೂಕಿನ ಗಲಗಲಿ ಒಂದೇ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಗಲಗಲಿಯಲ್ಲಿ ಇಳಿದೆ. ಕೃಷ್ಣೆಯ ಮೇಲಿಂದ ಬರುವ ಗಾಳಿಗೆ ಕಿವಿ ತಣ್ಣಗಾದವು. ಬೀರಪ್ಪಕಾಕಾ ಬಸ್ಸಿನ ಹತ್ತಿರವೇ ಕಾಯುತ್ತಿದ್ದರು. ಅಪ್ಪನ ಹಳೆಯ ಗೆಳೆಯರು, ಕುರಿ ಸಾಕುವ ಮನೆತನ, ಬೀರೇಶ್ವರನ ಒಕ್ಕಲು. ಒಂದು ಕಾಲಕ್ಕೆ ಪಂಚಾಯತಿ ಸದಸ್ಯರಾಗಿದ್ದವರು, ಊರಲ್ಲಿ ಅವರ ಮಾತು ಈಗಲೂ ನಡೆಯುತ್ತದೆ. ಮಧ್ಯಾಹ್ನ ಅವರ ಜೋಳದ ಹೊಲದಲ್ಲಿ ಭೂತಾಯಿಗೆ ಎಡೆ ಎರಚಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ ಉಣ್ಣುವಾಗ ನಾನು ಬಂದ ಕೆಲಸ ಹೇಳಿದೆ. ಅವರು ಊಟ ನಿಲ್ಲಿಸಿ ಕೇಳಿದರು.

"ಅಂದ್ರ ನಿನಗ ಬೇಕಾದ್ದು ಕತ್ತಲಿ ಅಷ್ಟನ?"

"ಅಷ್ಟೇ ಕಾಕಾ."

"ಹಬ್ಬದ ದಿನಾ ಬಂದಿ. ಬರಿಗೈಲೆ ಕಳಸಾಕಾಗತೈತೇನು? ಚಿಂತಿ ಬಿಡು."

ಹೊಳೆಯ ಕಡೆಯ ಓಣಿ ಮುಗಿದಲ್ಲಿ ಒಂದು ದಿನ್ನೆ ಇದೆ. ಸಂಜೆ ಅಲ್ಲಿ ಕ್ಯಾಮೆರಾ ಹೂಡಿದೆ. ಅದರ ಉಬ್ಬುಗಾಜು ಇಡೀ ಆಕಾಶವನ್ನು ಒಂದೇ ಸಲ ನೋಡುತ್ತದೆ. ಕತ್ತಲಾಯಿತು. ಓಣಿಯ ಕಂಬದ ದೀಪಗಳು ಹತ್ತಲೇ ಇಲ್ಲ, ಚಳಿಗೆ ಬಾಗಿಲು ಮುಚ್ಚಿದ ಮನೆಗಳಿಂದಲೂ ಬೆಳಕು ಕಾಣಲಿಲ್ಲ. ಕರೆಂಟ್ ಹೋಗಿರಬೇಕು, ನನ್ನ ದೈವ ತೆರೆಯಿತು ಎಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಮೊದಲ ಚಿತ್ರ ಮೂಡಿತು. ನಮ್ಮ ಗಲಗಲಿಯ ಮೇಲೆ ಕೆಂಪು ಹೊಳಪು ಅಂಚಿನಿಂದ ಅಂಚಿಗೆ ಹರಡಿತ್ತು. ಅದರೊಳಗೆ ದಕ್ಷಿಣೋತ್ತರವಾಗಿ ಎರಡು ಕಪ್ಪು ಪಟ್ಟಿಗಳು, ಸೀರೆಯ ಮೇಲಿನ ಗೆರೆಗಳಂತೆ, ನಿಧಾನ ಪೂರ್ವಕ್ಕೆ ಸರಿಯುತ್ತಿದ್ದವು. ಮೇಲಿನ ಗಾಳಿ ಕದಡಿದ ಗುರುತು ಅದು. ನಾರ್ವೆಯ ಚಳಿಯಲ್ಲಿ ಎಷ್ಟೋ ವರ್ಷ ಪರರ ಆಕಾಶ ನೋಡಿದವಳಿಗೆ ತನ್ನೂರಿನ ಆಕಾಶ ಮೊದಲ ಸಲ ಕಂಡಿತ್ತು. ಸಂತೋಷಕ್ಕೆ ಕಣ್ಣು ತುಂಬಿ ಪರದೆಯೇ ಮಂಜಾಯಿತು.

ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಒಂದು ಮೊಬೈಲ್ ಟಾರ್ಚು ಹೊತ್ತಿತು. ಮುಂದಿನ ಚಿತ್ರ ಅರ್ಧ ಬೆಳ್ಳಗೆ ಹಾಳಾಯಿತು.

"ಯಾರದು? ಲೈಟ್ ಆರಿಸ್ರಿ!" ಎಂದು ಕಿರುಚಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಟಾರ್ಚು ಆರಿತು. ಕತ್ತಲಿನಿಂದ ಒಬ್ಬ ಹೆಂಗಸಿನ ದನಿ ಬಂತು. "ಆರಿಸೀನ್ರಿ ಬಾಯಾರ. ಜಮಖಂಡಿ ಬಸ್ಸಿಗೆ ನನ್ನ ಮಗಳು ಬರಾಕತ್ತಾಳ. ಆಕಿ ಈ ದಾರ್ಯಾಗ ಹೆಂಗ ಬರಬೇಕ್ರಿ?"

ಹತ್ತಿರ ಹೋದೆ. ಕಲ್ಲವ್ವ ಎಂದು ಹೆಸರು, ಓಣಿಯ ಕೊನೆಯ ಮನೆ. "ಕರೆಂಟ್ ಬರೂತನಕ ಅರ್ಧ ತಾಸು ತಡೀರಲ್ಲ" ಎಂದೆ.

"ಕರೆಂಟ್ ಎಲ್ಲಿ ಹೋಗೇತ್ರಿ? ಮನ್ಯಾಗ ಐತಿ. ಕಂಬದ ದೀಪಾ ಅಷ್ಟ ತಗದಾರ. ಊರಿಗೆ ಬಂದ ಬಾಯಾರಿಗೆ ಕತ್ತಲಿ ಬೇಕಂತ, ಬೀರಪ್ಪಮಾವ ತಗಸ್ಯಾರ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಾಳಲಾಗಲಿಲ್ಲ. "ನನ್ನ ಮನಿಯವರು ಪಂಪು ಚಾಲೂ ಮಾಡಿ ಬರುವಾಗ ಇದ ದಾರ್ಯಾಗ ಹಾವು ಕಡದು ಹೋದ್ರು. ಆವಾಗ ಇಲ್ಲಿ ದೀಪಾ ಇರಲಿಲ್ಲ. ಆಮ್ಯಾಲೆ ಪಂಚಾಯತಿಗೆ ಅಡ್ಡ್ಯಾಡಿ ಅಡ್ಡ್ಯಾಡಿ ಹಾಕಿಸೀನ್ರಿ ನಾ."

ಲ್ಯಾಪ್‌ಟಾಪು ಅಲ್ಲೇ ಬಿಟ್ಟೆ. ಹಣೆಗೆ ಕಟ್ಟುವ ನನ್ನ ದೀಪ ಹೊತ್ತಿಸಿ, ಅವಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ಮಗಳು ಸವಿತಾ ಜಮಖಂಡಿಯಲ್ಲಿ ನರ್ಸಿಂಗ್ ಕಲಿಯುವ ಹುಡುಗಿ. ಬಸ್ಸಿಳಿದು ತಾಯಿಯನ್ನು ಕಂಡವಳೇ, "ಯವ್ವಾ, ದೀಪಾ ಯಾಕ ಇಲ್ಲ?" ಎಂದಳು. ಕಲ್ಲವ್ವ ನನ್ನ ಮುಖ ನೋಡಿದಳು. ನಾನೇ ಹೇಳಿದೆ, ನನ್ನಿಂದ ಎಂದು.

ಬೀರಪ್ಪಕಾಕಾ ದಿನ್ನೆಯ ಹತ್ತಿರ ನಿಂತಿದ್ದರು. ದೀಪ ಹತ್ತಿಸಿರೆಂದು ಕೇಳಿಕೊಂಡಾಗ ಅವರ ಮುಖ ಬಾಡಿತು. "ಹಬ್ಬಕ್ಕ ಬಂದ ಮಗಳಿಗೆ ಬ್ಯಾರೆದವ್ರು ಸೀರಿ ಉಡಸ್ತಾರ. ನೀ ಕೇಳಿದ್ದನ್ನ ನಾ ಕೊಟ್ಟೆ. ತಪ್ಪಾತೇನು ಯವ್ವಾ?"

"ಕೇಳಿದ್ದು ನಾನು ಕಾಕಾ, ತಪ್ಪು ನಿಮ್ಮದೆಂಗ ಆಗತೈತಿ?" ಎಂದೆ. ಲೈನ್‌ಮನ್‌ಗೆ ಫೋನ್ ಹೋಯಿತು. ದೀಪಗಳು ಹತ್ತಿದವು, ನನ್ನ ಪರದೆ ಪೂರಾ ಬೆಳ್ಳಗಾಯಿತು.

ಬೆಳಿಗ್ಗೆ ಚಹಾದ ಹೊತ್ತಿಗೆ ಕಾಕಾ ಮತ್ತೆ ಮಾತು ತೆಗೆದರು. "ಅಮಾಸಿ ಹಿಂದ ಮುಂದ ಅಷ್ಟ ದಿನಾ ದೀಪಾ ತಗದರಾತು. ಪಂಚಾಯತಿ ಒಪ್ಪಸ್ತೀನಿ. ಊರ ಹೆಸರು ಜಗತ್ತಿಗೆ ಗೊತ್ತಾಗತೈತಿ." ಖರೆ ಹೇಳುತ್ತೇನೆ, ನನ್ನ ಮನಸ್ಸು ಆಸೆಯಿಂದ ಒದ್ದಾಡಿತು. ತಗಡಿನ ಮರೆ ಕಟ್ಟಿದರೆ ಹೇಗೆಂದು ದೀಪದ ಕಂಬದ ಸುತ್ತ ತಿರುಗಿ ನೋಡಿದೆ. ಕ್ಯಾಮೆರಾಕ್ಕೆ ಸಾಕಾಗುವಷ್ಟು ಮರೆ ಮಾಡಿದರೆ ದಾರಿಗೆ ಬೆಳಕು ಉಳಿಯುತ್ತಿರಲಿಲ್ಲ. ಅಮಾವಾಸ್ಯೆಯ ಆ ಕೆಲವು ದಿನ ದೀಪ ತೆಗೆದರೆ ಆದೀತೇ ಎಂದು ಅಂಗಳ ಗುಡಿಸುತ್ತಿದ್ದ ಕಲ್ಲವ್ವನನ್ನೇ ಕೇಳಿದೆ.

ಅವಳು ಕಸಬರಿಗೆ ಕೆಳಗಿಟ್ಟಳು. "ನಾ ಒಬ್ಬಾಕಿ ಒಲ್ಲೆ ಅಂದ್ರ ಊರೆಲ್ಲಾ ನನ್ನ ಮ್ಯಾಲೆ ಬೀಳತೈತಿ. ಆದ್ರೂ ಒಲ್ಲೇರಿ. ನಿಮ್ಮ ಪೆಟಗಿ ಎತ್ತಿ ಬ್ಯಾರೆ ಕಡೆ ಇಡಾಕ ಬರತೈತಿ. ನಮ್ಮ ಓಣಿ ಎತ್ತಿ ಎಲ್ಲಿ ಇಡೂಣ್ರಿ?"

"ಊರಿಗೆ ನಾನು ಹೇಳ್ತೀನಿ, ನನಗೇ ಬ್ಯಾಡಾತು ಅಂತ" ಎಂದೆ. ಕಾಕಾಗೂ ಹಾಗೆಯೇ ಹೇಳಿದೆ. ಸವಿತಾ ಹೊರಗೆ ಬಂದು ರಾತ್ರಿಯ ಚಿತ್ರ ತೋರಿಸಿರೆಂದಳು. ಕೆಂಪು ಆಕಾಶವನ್ನು ಬಹಳ ಹೊತ್ತು ನೋಡಿ, "ಇದು ನಮ್ಮ ಊರ ಮ್ಯಾಲಿಂದ ಏನ್ರಿ?" ಎಂದಳು. ಹೌದೆಂದು ಅವಳ ಮೊಬೈಲಿಗೆ ಕಳಿಸಿಕೊಟ್ಟೆ.

ವಿಜಯಪುರದ ಬಸ್ಸು ಕೃಷ್ಣೆಯ ಸೇತುವೆಗೆ ಬರುವಾಗ ಮುಖ್ಯಸ್ಥರ ಫೋನು ಬಂತು. ಮೊದಲ ಚಿತ್ರ ಅವರಿಗೂ ತಲುಪಿತ್ತು. "ಅದ್ಭುತ ಕತ್ತಲೆ! ಜಾಗ ಖಾಯಂ ಮಾಡೋಣವೇ?"

"ಬೇಡ ಸರ್. ಆ ಕತ್ತಲೆಯಲ್ಲಿ ಜನ ನಡೆದಾಡುತ್ತಾರೆ. ಆ ಬೇರೆ ರಾಜ್ಯದ ಗುಡ್ಡದವರಿಗೇ ತಿಳಿಸಿಬಿಡಿ."

ಫೋನ್ ಇಟ್ಟ ಮೇಲೆ ಅಳು ತಡೆಯಲಾಗಲಿಲ್ಲ. ಸೇತುವೆ ಮುಗಿಯುವವರೆಗೂ ಕಿಟಕಿಯಿಂದ ಹಿಂದಿರುಗಿ ನೋಡುತ್ತಲೇ ಇದ್ದೆ. ಪಕ್ಕದಲ್ಲಿ ಕೂತ ಮುದುಕಿ ನನ್ನ ತೋಳು ಮುಟ್ಟಿ ಕೇಳಿದಳು, "ಯಾಕ ನನ್ನವ್ವಾ, ಊರಾಗ ಏನರ ಮರತ ಬಂದೀಯೇನು?"

"ಮರತಿಲ್ಲಬೇ ಯಮ್ಮಾ," ಎಂದೆ. "ಬಿಟ್ಟ ಬಂದೀನಿ."