ಹಿನ್ನೀರಿನ ದಂಡೆಯ ಅಕ್ಕೋರು

ಅವರ ಕಾಟನ್ ಸೀರೆಗಳಿಗೆಲ್ಲ ಅಂಚಿನಿಂದ ಒಂದು ಗೇಣು ಮೇಲಿನವರೆಗೆ ಎರೆಮಣ್ಣಿನ ಕಲೆ. ಎಷ್ಟು ಒಗೆದರೂ ಹೋಗದ ಕಲೆ. ಭಾನುವಾರ ಬಂತೆಂದರೆ ಹೆಗಲಿಗೆ ಕ್ಯಾಮೆರಾ ಏರಿಸಿ ಹೊಳೆದಂಡೆಗೆ ಹೋಗುವ ಹೆಂಗಸು ಬೀಳಗಿ ಸೀಮೆಯಲ್ಲಿ ಅವರೊಬ್ಬರೇ. ನಮ್ಮ ಶಾಲೆಯ ಹಿರಿಯ ಶಿಕ್ಷಕಿ. ಮಕ್ಕಳಿಗೆ, ಊರಿಗೆ, ರಬಕವಿಯಿಂದ ಹೊಸದಾಗಿ ಶಿಕ್ಷಕಿಯಾಗಿ ಬಂದಿದ್ದ ನನಗೆ, ಎಲ್ಲರಿಗೂ ಅವರು ಅಕ್ಕೋರು.

ಖಾಲಿ ರೀಲ್ ಡಬ್ಬಿಗಳಲ್ಲಿ ಲವಂಗ ತುಂಬಿಟ್ಟುಕೊಂಡು, ಕೆಮ್ಮುವ ಮಕ್ಕಳಿಗೆ ಒಂದೊಂದು ಕೊಡುತ್ತಿದ್ದರು. ಒಮ್ಮೆ ಮುಧೋಳಕ್ಕೆ ತರಬೇತಿಗೆಂದು ಹೊರಟವರು, ಗುಡ್ಡದ ಮೇಲೆ ಮೋಡದ ನೆರಳು ಬಿದ್ದಿದೆ ಎಂದು ಲೋಕಾಪುರದಲ್ಲೇ ಬಸ್ಸು ಇಳಿದುಬಿಟ್ಟಿದ್ದರು. "ಹಕ್ಕಿಗಿ ನಾವು ಬಂದದ್ದು ಗೊತ್ತಾಗಬಾರದು. ಗೊತ್ತಾದ್ರ ಅದು ಹಕ್ಕಿ ಫೋಟೋ ಅಲ್ಲ, ಅಂಜಿಕಿ ಫೋಟೋ" ಎನ್ನುತ್ತಿದ್ದರು.

ಆಲಮಟ್ಟಿಯ ಹಿನ್ನೀರು ನಮ್ಮ ಕಡೆ ಆಗಷ್ಟೇ ಹೊಸದಾಗಿ ಹಬ್ಬಿತ್ತು. ಚಳಿಗಾಲ ಕಳೆದು ನೀರು ಹಿಂದೆ ಸರಿದಾಗ ರಾಜಹಂಸಗಳು ಬಂದಿಳಿದಿದ್ದವು. ಒಂದು ಭಾನುವಾರ ಬೆಳಿಗ್ಗೆ ಅಕ್ಕೋರು ನನ್ನನ್ನೂ ಕರೆದೊಯ್ದರು. ದಂಡೆಯಲ್ಲಿ ನಿಂತು ಒಂದೇ ಮಾತು ಹೇಳಿದರು: "ನಾ ಹೆಜ್ಜಿ ಇಟ್ಟಲ್ಲೇ ಹೆಜ್ಜಿ ಇಡು."

ನಾನು ಕೇಳಲಿಲ್ಲ. ಹತ್ತು ಮಾರು ದೂರದಲ್ಲಿ ಗುಲಾಬಿ ಬಣ್ಣದ ಗರಿಯೊಂದು ಬಿದ್ದಿತ್ತು. ಹಪ್ಪಳದಂತೆ ಬಿರಿದು ಒಣಗಿದ್ದ ನೆಲದ ಮೇಲೆ ಅತ್ತ ನಡೆದೆ. ನೆಲ ಟಪ್ಪೆಂದು ಒಡೆಯಿತು.

ಮೊದಲು ಮೊಣಕಾಲು. ಒಂದು ಕಾಲು ಎಳೆಯಲು ಹೋದರೆ ಇನ್ನೊಂದು ತೊಡೆಯವರೆಗೆ ಇಳಿಯಿತು. ತಲೆಯ ಮೇಲೆ ಬಿಸಿಲು, ಕೆಳಗೆ ಬಾವಿಯಂಥ ತಣ್ಣಗಿನ ರಾಡಿ. ಯಾರೋ ಬಾಯಿಂದ ಚೀಪಿದಂತೆ ಅದು ನನ್ನನ್ನು ಒಳಗೆ ಎಳೆಯುತ್ತಿತ್ತು. ಕೂಗಿದೆ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ರಾಡಿ ಸೊಂಟಕ್ಕೆ ಬಂದಿತ್ತು.

"ಒದ್ದಾಡಬ್ಯಾಡ! ಹಿಂದಕ್ಕ ಬೆನ್ನ ಹಚ್ಚಿ ಅಡ್ಡಾಗು! ಕೈ ಅಗಲ ಮಾಡು!"

ಅಕ್ಕೋರ ದನಿ ಒಡೆದುಹೋಗಿತ್ತು. ನೋಡುತ್ತಿದ್ದಂತೆ ಆ ಐವತ್ತು ದಾಟಿದ ಹೆಂಗಸು ಮೈಮೇಲಿನ ಸೀರೆ ಬಿಚ್ಚಿ ಒಂದು ತುದಿಯನ್ನು ನನ್ನತ್ತ ಎಸೆದರು, ಇನ್ನೊಂದನ್ನು ತಮ್ಮ ಸೊಂಟಕ್ಕೆ ಬಿಗಿದು ರಾಡಿಯ ಮೇಲೆ ಬೋರಲಾಗಿ ಮಲಗಿದರು. ಕೊರಳಲ್ಲಿದ್ದ ಕ್ಯಾಮೆರಾ ಅವರ ಎದೆಯಡಿ ಕೆಸರಲ್ಲಿ ಹೂತುಹೋಯಿತು. ಅವರು ಅದರತ್ತ ನೋಡಲೂ ಇಲ್ಲ. ಜಗ್ಗಿದರು. ನಾನು ಅಲುಗಲಿಲ್ಲ, ಅವರ ಮೊಣಕೈಗಳೇ ಇಳಿಯತೊಡಗಿದವು.

"ಅಕ್ಕೋರೆ, ಬಿಡ್ರಿ. ನೀವೂ ಮುಳುಗ್ತೀರಿ" ಎಂದೆ.

"ಬಾಯಿ ಮುಚ್ಚು" ಎಂದರು. ಹಲ್ಲು ಕಟಕಟ ಎನ್ನುತ್ತಿದ್ದವು.

ದೂರದ ದಿಬ್ಬದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ನನ್ನ ಕೂಗು ಕೇಳಿ ಓಡಿಬಂದ. ಕಂಬಳಿ ಹಾಸಿ, ಅದರ ಮೇಲೆ ಅಡ್ಡಬಿದ್ದು, "ಜಗ್ರಿ ಯವ್ವಾ, ಬೀರಪ್ಪ ದೇವ್ರು ಅದಾನ, ಜಗ್ರಿ" ಎನ್ನುತ್ತ ಅವರ ಜೊತೆ ಸೀರೆಗೆ ಕೈ ಹಚ್ಚಿದ. ಎಷ್ಟು ಹೊತ್ತಾಯಿತೋ ತಿಳಿಯದು. ನಾನು ಹೊರಬಂದಾಗ ಮುದುಕ ಮುಖ ಆಚೆ ತಿರುಗಿಸಿಕೊಂಡು, ಕಂಬಳಿಯನ್ನು ಅಕ್ಕೋರತ್ತ ಸರಿಸಿದ.

ದಂಡೆಯ ಮೇಲೆ ಇಬ್ಬರೂ ಕೂತಿದ್ದಾಗ ಅವರು ಹೇಳಿದರು: "ಸಣ್ಣಾಕಿ ಇದ್ದಾಗ ನನ್ನ ಗೆಳತಿ ಬಾವ್ಯಾಗ ಬಿದ್ಲು. ನಾ ದಂಡಿ ಮ್ಯಾಲ ನಿಂತಿದ್ನಿ. ಅಂಜಿ ಮನಿಗೆ ಓಡಿಹೋಗಿ ಕೌದಿ ಹೊಚ್ಚಿಕೊಂಡು ಮಲಗಿದ್ನಿ. ಯಾರಿಗೂ ಹೇಳಲಿಲ್ಲ. ಸಂಜಿಗೆ ಆಕಿ ಹೆಣ ಸಿಕ್ತು."

ನನಗೆ ನೆಲದ ಮೇಲಿನ ನಂಬಿಕೆಯೇ ಹೋಗಿತ್ತು. ಬಚ್ಚಲಿನ ಒದ್ದೆ ಕಲ್ಲಿಗೆ ಕಾಲಿಡಲೂ ಅಂಜಿಕೆ. ರಜೆ ಹಾಕಿ ಮನೆಯಲ್ಲಿ ಕೂತೆ. ಮೂರನೆಯ ಭಾನುವಾರ ಅಕ್ಕೋರು ಯಾರದೋ ಕ್ಯಾಮೆರಾ ಕೇಳಿ ತಂದು ಬಾಗಿಲಲ್ಲಿ ನಿಂತರು.

"ಅಂಗಳ ದಾಟೂದು ಬ್ಯಾಡ. ಆ ಕರಿಬೇವಿನ ಗಿಡದಾಗ ಒಂದು ಹುಳ ಐತಿ, ಅದರ ಫೋಟೋ ತಗಿ."

ನಾನು ತೆಗೆದ ಚಿತ್ರವೆಲ್ಲ ಕಲಸಿಹೋಯಿತು. ಮುಂದಿನ ವಾರ ಮತ್ತೆ ಬಂದರು. ಆ ವಾರ ಇರುವೆ ಸಾಲು. ಆಮೇಲೆ ಓಣಿಯ ಬೇವಿನ ಮರ, ಊರಾಚೆಯ ಜೋಳದ ಹೊಲ. ಮುಂದಿನ ಚಳಿಗಾಲದಲ್ಲಿ ಅವರ ತೋಳು ಗಟ್ಟಿಯಾಗಿ ಹಿಡಿದು ಹಿನ್ನೀರಿನ ದಂಡೆಗೆ ಇಳಿದೆ. ಅಂಜಿಕೆ ಹೋಗಿರಲಿಲ್ಲ. ಇವತ್ತಿಗೂ ಹೋಗಿಲ್ಲ. ಆದರೆ ಇಳಿದೆ.

ನಿವೃತ್ತಿಯಾಗಿ ಅವರು ಜಮಖಂಡಿ ಸೇರಿದ ಕೆಲವು ವರ್ಷಕ್ಕೆ ಎದೆಯ ಆಪರೇಷನ್ ಆಗಬೇಕಾಯಿತು. ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾನಿದ್ದೆ. ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದ್ದರು. ಅಕ್ಕೋರು ಇಷ್ಟು ಸಣ್ಣವರೇ ಎನಿಸಿತು.

"ಭಾಳ ಅಂಜಿಕಿ ಆಗಾಕತ್ತೇತಿ ತಂಗಿ" ಎಂದರು. "ಕೈ ಬಿಡಬ್ಯಾಡ."

"ಇಲ್ರಿ ಅಕ್ಕೋರೆ, ಬಿಡಂಗಿಲ್ಲ" ಎಂದೆ. ಉದ್ದದ ಓಣಿಯಂಥ ಆ ದಾರಿಯಲ್ಲಿ ಮಂಚದ ಜೊತೆಗೇ ನಡೆದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸಮ್ಮ ತಡೆದು, "ಇನ್ನ ಮುಂದ ಬರಂಗಿಲ್ರಿ" ಎಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಅಕ್ಕೋರು ಜೀವಂತವಾಗಿ ಹೊರಗೆ ಬರಲಿಲ್ಲ.