ಆಳದ ಮೀನಿನ ಮೆತ್ತನೆ ಮೈ

ಸೇಡಂನ ನಮ್ಮ ಶಾಲೆಯ ಹೊಸ ಕೋಣೆಗೆ ಹೋದ ವಾರ ಕಲ್ಲು ಹಾಸಿ ನೀರು ಸುರಿದರು. ಹಸಿ ಶಹಾಬಾದ್ ಕಲ್ಲಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಕೋಣೆಯಲ್ಲಿ ಸಮುದ್ರಜೀವಿಗಳ ಪಾಠ ಮಾಡುತ್ತಿದ್ದೆ. ಆ ಪಾಠ ನನಗೆ ಕಲಿಸಿದವರು ನೆನಪಾದರು…

ನಮ್ಮೂರು ಶಹಾಬಾದ್ ಹತ್ತಿರದ ಭಂಕೂರ. ಅಪ್ಪ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಮನೆಯಲ್ಲಿ ಹತ್ತನೆಯ ತರಗತಿ ಮುಟ್ಟಿದವಳು ನಾನೊಬ್ಬಳೇ. "ಅರ್ಧವಾರ್ಷಿಕದಾಗ ಫೇಲಾದ್ರ ಸಾಲಿ ಬಂದ್. ಕಲ್ಲು ಪಾಲಿಶ್ ಮಾಡೋ ಕೆಲಸಕ್ಕ ಬಾ" ಎಂದಿದ್ದ ಅಪ್ಪ. ವಿಜ್ಞಾನದಲ್ಲಿ ಫೇಲಾದೆ.

ಆಳ ಸಮುದ್ರದ ಮೀನು ಅಷ್ಟು ನೀರಿನ ಭಾರ ಹೇಗೆ ತಡೆಯುತ್ತದೆ ಎಂಬ ಪ್ರಶ್ನೆಗೆ, ಅದರ ಎಲುಬು ಕಲ್ಲಿನಷ್ಟು ಗಟ್ಟಿ ಎಂದು ಬರೆದಿದ್ದೆ. ವಿಜ್ಞಾನದ ಸರ್ ಸೊನ್ನೆ ಕೊಟ್ಟರು. ಅತ್ತರೂ ಅಂಕ ಹೆಚ್ಚಿಸಲಿಲ್ಲ. ಆದರೆ ಭಾನುವಾರ ಎರಡು ಪ್ಲಾಸ್ಟಿಕ್ ಬಾಟಲಿ ಹಿಡಿದು ಖಣಿಗೇ ಬಂದರು.

"ಈ ಉತ್ತರ ಯಾರು ಹೇಳಿಕೊಟ್ರವ್ವ ನಿನಗ?"

ನಾನು ಅಪ್ಪನ ಕಡೆ ನೋಡಿದೆ.

"ನಾನೇ ಹೇಳೀನ್ರಿ ಮಾಸ್ತರ್ರ. ಭಾರ ಹೊರಾಕ ಗಟ್ಟಿ ಇರಬೇಕಲ್ಲ?" ಎಂದ ಅಪ್ಪ. ಹುಟ್ಟಿದಾಗಿನಿಂದ ಕಲ್ಲು ಕಂಡವನ ಮಾತು.

ಕೆಲಸ ನಿಂತ ಖಣಿಯೊಂದರಲ್ಲಿ ನೀರು ತುಂಬಿತ್ತು. ಸರ್ ಒಂದು ಬಾಟಲಿಗೆ ನೀರು ತುಂಬಿದರು, ಇನ್ನೊಂದನ್ನು ಖಾಲಿಯಾಗಿಯೇ ಮುಚ್ಚಿದರು. ಎರಡಕ್ಕೂ ಕಲ್ಲು ಕಟ್ಟಿ ಹಗ್ಗದಿಂದ ತಳಕ್ಕೆ ಇಳಿಸಿದರು. ಮೇಲೆಳೆದಾಗ ಖಾಲಿಯದು ನಗ್ಗಿ ಸೊಟ್ಟಗಾಗಿತ್ತು. ನೀರಿನದು ಇದ್ದ ಹಾಗೇ ಇತ್ತು.

"ಆಳದ ಮೀನಿನ ಮೈ ಭಾಳ ಮೆತ್ತಗ ಇರ್ತದ, ಒಳಗೆಲ್ಲ ನೀರೇ. ಹೊರಗ ಎಷ್ಟು ಒತ್ತತದೋ ಒಳಗೂ ಅಷ್ಟೇ. ದಂಡಿ ಮ್ಯಾಗ ತೆರಿ ಬಡೀತಾವಲ್ಲ, ಅಲ್ಲಿ ಜೀವಕ್ಕ ಗಟ್ಟಿ ಚಿಪ್ಪು ಬೇಕು, ಬಂಡೆಗಲ್ಲಿಗಿ ಅಂಟಿ ಕುಂದ್ರಬೇಕು. ಇರೋ ಜಾಗಕ್ಕ ತಕ್ಕ ಮೈ."

"ಸಮುದ್ರ ನೋಡೀರೇನ್ರಿ ನೀವು?" ಅಪ್ಪ ಕೇಳಿದ.

"ಇಲ್ಲಪ್ಪ. ಚಂದ್ರಂಪಳ್ಳಿ ಡ್ಯಾಮ್ ನೋಡೀನಿ."

ಅಪ್ಪ ನಕ್ಕುಬಿಟ್ಟ. ನಗ್ಗಿದ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಂಗಾದ್ರ ಫೇಲಾದಾಂವ ನಾನ್ರಿ. ಆಕಿ ಸಾಲಿಗಿ ಹೋಗ್ಲಿ."

ಹೋದೆ. ಕಷ್ಟಪಟ್ಟೇ ಓದಿದೆ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ ತೀರಿಕೊಂಡು ಈಗ ಎರಡು ತಿಂಗಳು. ಪಾಠದಲ್ಲಿ ಎಡವಿದರೆ ಕೇಳಲು ಇನ್ನು ಯಾರೂ ಇಲ್ಲ… ಅವರ ಮನೆಗೆ ಮಾತಾಡಿಸಲು ಹೋದಾಗ ಅಪ್ಪನೂ ಜೊತೆಗೆ ಬಂದ. ಸರ್ ಹೆಂಡತಿ ನಮ್ಮ ಗುರುತು ಸಿಗದೆ ಯಾರೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಇಂದಿಗೂ ಹೆಬ್ಬೆಟ್ಟು ಒತ್ತುವ ನನ್ನ ಅಪ್ಪ ಹೇಳಿದ:

"ನಾವಿಬ್ರೂ ಸರ್ ಕೈಯಾಗ ಕಲ್ತವ್ರು ಇದ್ದೀವ್ರಿ."