ಗೊರಕೆಗೆ ಹನ್ನೊಂದು ಸಾಕ್ಷಿಗಳು

ಲಾರಿ ತೂಗುವ ತೂಕದಣ್ಣನಿಗೆ ಒಂದು ಹಟ: ಕಣ್ಣಾರೆ ಕಾಣದ್ದನ್ನು ಬರೆಯುವವನಲ್ಲ. ಇಪ್ಪತ್ತೆರಡು ವರ್ಷ ವೇಬ್ರಿಜ್ಜಿನ ಗಾಜಿನ ಗೂಡಿನಲ್ಲಿ ಕೂತು, ಪರದೆ ತೋರಿಸಿದ ಅಂಕಿಯನ್ನಷ್ಟೇ ಚೀಟಿಗೆ ಇಳಿಸಿದವನು. ಒಂದಂಕಿ ತಿದ್ದಿದರೂ ಪಕ್ಕದಲ್ಲಿ ಅವನ ಸಹಿ, ಕೆಳಗೆ ಸಾಕ್ಷಿಯ ಸಹಿ. ಚಾಲಕರು ಗೋಗರೆದರೂ ಅಷ್ಟೆ, ಗದರಿದರೂ ಅಷ್ಟೆ. ಇಂಥವನ ಜೊತೆ ಸಂಸಾರ ಮಾಡುವುದೆಂದರೇನು ಎಂದು ಅವನ ಹೆಂಡತಿಯನ್ನೇ ಕೇಳಬೇಕು.

ಅವನ ಗೊರಕೆ ಏರಿ ಏರಿ ತಟ್ಟನೆ ಕಡಿದುಹೋಗುತ್ತಿತ್ತು, ಜೊತೆಗೇ ಉಸಿರೂ. ಆರು ವರ್ಷದಿಂದ ಅವಳು ಎದ್ದು ಕೂತು ಮುಂದಿನ ಉಸಿರಿಗೆ ಕಾಯುತ್ತಿದ್ದಳು. ಒಂದು ದಿನ ಅದು ಬರದೇ ಹೋದರೆ? ಆ ಭಯಕ್ಕೆ ಅವಳ ನಿದ್ದೆಯೇ ಹಾರಿಹೋಗಿತ್ತು. ಕೊನೆಗೆ ಅತ್ತು ಕರೆದು, ನಿದ್ದೆಯ ತೊಂದರೆ ನೋಡುವ ಆಸ್ಪತ್ರೆಗೆ ಅವನನ್ನು ಎಳೆದು ತಂದಳು.

ಅಲ್ಲಿ ಗುಮಾಸ್ತ ಫಾರಂ ಕೊಟ್ಟ. ಮೂರು 'ಹೌದು' ಬಂದರೆ ಪರೀಕ್ಷೆ, ಇಲ್ಲವಾದರೆ ಮನೆಗೆ. ರೋಗಿಯೇ ಬರೆಯಬೇಕು, ಪಕ್ಕದವರು ಬಾಯಿ ಹಾಕುವಂತಿಲ್ಲ.

ಗೊರಕೆ ಹೊಡೆಯುತ್ತೀರಾ? 'ಇಲ್ಲ.' ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ? 'ಇಲ್ಲ.' ಹಗಲು ತೂಕಡಿಸುತ್ತೀರಾ? 'ಇಲ್ಲ.'

"ಅಯ್ಯೋ, ಹೌದು ಅಂತ ಬರೀರೀ!"

"ನೋಡದೆ ಹೆಂಗೆ ಬರೀಲಿ? ಆವಾಗ ನಾನು ಮಲಗಿರ್ತೀನಲ್ಲ."

"ನಾನು ನೋಡಿದೀನಲ್ಲ!"

"ಫಾರಂ ನಿಂದಾ, ನಂದಾ?"

ಗುಮಾಸ್ತ ಕೂಡಿ ನೋಡಿದ. "ಸೊನ್ನೆ. ನಿಮಗೇನೂ ಇಲ್ಲ. ಸೀಲ್ ಹಾಕಿಕೊಡ್ತೀನಿ, ಕೂತಿರಿ."

ಸೀಲು ಬೀಳುವಷ್ಟರಲ್ಲಿ ತೂಕದಣ್ಣ ಬೆಂಚಿನ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದ. ಹೊಡೆದ ನೋಡಿ ಗೊರಕೆ! ಕಿಟಕಿಯ ಗಾಜು ನಡುಗಿತು. ಯಾವ ಯಂತ್ರ ಕೆಟ್ಟಿತೋ ಎಂದು ಔಷಧಿ ಕೌಂಟರಿನವಳು ಇಣುಕಿದಳು. ಗುಮಾಸ್ತ ಮಾತ್ರ ತಲೆ ಎತ್ತಲಿಲ್ಲ. "ಫಾರಂ ಪ್ರಕಾರ ಇವರು ಗೊರಕೆ ಹೊಡೆಯಲ್ಲ," ಎಂದ.

ಅಷ್ಟರಲ್ಲಿ ಗೊರಕೆ ನಿಂತಿತು. ಉಸಿರೂ ನಿಂತಿತು. ಸರದಿಗೆ ಕಾಯುತ್ತಿದ್ದ ಹನ್ನೊಂದು ಜನರೂ ದಡಬಡಿಸಿ ಎದ್ದರು. ಹತ್ತು ಸೆಕೆಂಡು, ಇಪ್ಪತ್ತು. ಒಬ್ಬ ಅಜ್ಜಿ ತನ್ನ ಉಸಿರನ್ನೂ ಬಿಗಿಹಿಡಿದಳು. ಇಪ್ಪತ್ತೈದು.

"ಈಗ ಬರತ್ತೆ," ಎಂದಳು ಹೆಂಡತಿ, ಮಾಮೂಲಿ ದನಿಯಲ್ಲಿ.

ಬಂತು. ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟ ಸದ್ದಿಗೆ ಅವನಿಗೆ ಎಚ್ಚರವಾಯಿತು.

"ನಿದ್ದೆಯೇನಿಲ್ಲ, ಸುಮ್ನೆ ಕಣ್ಣು ಮುಚ್ಕೊಂಡಿದ್ದೆ," ಎಂದ.

"ನಿನ್ನ ಉಸಿರು ನಿಂತೋಗಿತ್ತು ಕಣಪ್ಪಾ!"

"ಅದಕ್ಕೆ ಸಾಕ್ಷಿ?"

"ನಾನು. ಎಲ್ಲಿ ಸಹಿ ಹಾಕ್ಲಿ?" ಎಂದಳು ಅಜ್ಜಿ.

ಅವಳ ಹಿಂದೆ ಸಾಲು ನಿಂತಿತು. ಅದಕ್ಕೆಲ್ಲ ಫಾರಮ್ಮಿನಲ್ಲಿ ಜಾಗವಿಲ್ಲ ಎಂದು ಗುಮಾಸ್ತ ಬಡಕೊಂಡರೂ ಕೇಳದೆ, ಹನ್ನೊಂದು ಜನ ಹಿಂಬದಿಯಲ್ಲಿ ಸಹಿ ಜಡಿದರು.

ತೂಕದಣ್ಣ ಪೆಚ್ಚಾದ. ಒಂದೇ ಸಲಕ್ಕೆ ಈ ಗುರುತಿಲ್ಲದವರ ಮುಖ ಹೀಗೆ ಬಿಳುಚಿದೆ. ಹೆಂಡತಿಯ ಮುಖವನ್ನು ಆರು ವರ್ಷದಿಂದ ತಾನು ಸರಿಯಾಗಿ ನೋಡಿಯೇ ಇಲ್ಲ ಎಂದು ಹೊಳೆದು ಅವನಿಗೆ ನಾಚಿಕೆಯಾಯಿತು. ಮೂರೂ 'ಇಲ್ಲ' ಹೊಡೆದುಹಾಕಿ 'ಹೌದು' ಬರೆದ, ಪ್ರತಿ ತಿದ್ದುಪಡಿಗೂ ಪಕ್ಕದಲ್ಲಿ ಸಹಿ ಹಾಕಿದ. ಮೊದಲ ಸಾಕ್ಷಿ ನೀನೇ ಕಣೇ ಎಂದು ಪೆನ್ನು ಚಾಚಿದ.

ಅವಳ ತಲೆ ಅವನ ಹೆಗಲಿಗೆ ವಾಲಿತ್ತು. ಅವನ ಉಸಿರು ಕಾಯಲು ಇಷ್ಟೊಂದು ಜನ ಇದ್ದಾರೆಂದು ಕಂಡದ್ದೇ ತಡ, ಅವಳು ಗಾಢ ನಿದ್ದೆಗೆ ಜಾರಿದ್ದಳು.

"ಪರೀಕ್ಷೆಗೆ ಒಳಗೆ ಬನ್ನಿ," ಗುಮಾಸ್ತ ಕೂಗಿದ.

ತೂಕದಣ್ಣ ಹೆಗಲು ಅಲುಗಿಸಲಿಲ್ಲ. "ಸ್ವಲ್ಪ ತಡೀರಿ," ಎಂದ ಮೆಲ್ಲಗೆ. "ಇವಳು ಮಲಗಿದಾಳೆ. ನಾನೇ ಕಣ್ಣಾರೆ ನೋಡ್ತಿದೀನಿ."